ಎರೆ ಭೂಮಿಯಲ್ಲಿ ನಿಂತ ಬೈಕುಗಳು: ಸನ್ನತಿ–ನಾಲವಾರ ನಡುವಿನ ಒಂದು ಪ್ರಕರಣ

ಕಲಬುರಗಿಯಿಂದ ಸನ್ನತಿಗೆ ಡಾಂಬರು ರಸ್ತೆ ಇದೆ. ಅದನ್ನು ಆದಷ್ಟು ಬಿಟ್ಟು ಬಂಡಿ ಜಾಡು, ಹೊಲದ ಹಾದಿ, ಹಳೆ ಖಣಿ ರಸ್ತೆ ಹಿಡಿದು ಹೋಗಿಬರಬೇಕೆಂದು ಏಪ್ರಿಲ್ ಕೊನೆಯ ಒಂದು ಭಾನುವಾರ ಮೂವರು ಹೊರಟರು. ಸಂಜೆ ಐದಕ್ಕೆ ಮನೆಗೆ ಬರಬೇಕಿದ್ದವರು ರಾತ್ರಿ ಎಂಟರ ಹೊತ್ತಿಗೆ ನಡೆದುಕೊಂಡು ಡಾಂಬರು ರಸ್ತೆ ಮುಟ್ಟಿದರು. ಒಂದು ಬೈಕು ಹೊಲದಲ್ಲೇ ಉಳಿಯಿತು, ಅದು ಊರಿಗೆ ಬಂದದ್ದು ಮಂಗಳವಾರ. ಯಾರಿಗೂ ಗಾಯವಾಗಲಿಲ್ಲ. ಹಾಗಾಗಿ ಇದು ಸುದ್ದಿಯೇನಲ್ಲ. ಆದರೆ ನಮ್ಮ ಕಡೆ ಡ್ಯುಯಲ್ ಸ್ಪೋರ್ಟ್ ಬೈಕು, ಅಂದರೆ ರಸ್ತೆಗೂ ಕಚ್ಚಾ ಹಾದಿಗೂ ನಡೆಯುವ ಬೈಕು, ಕೊಳ್ಳುವವರು ಹೆಚ್ಚುತ್ತಿದ್ದಾರೆ, ಅವರು ನೋಡಿ ಕಲಿಯುವ ಪಾಠವೆಲ್ಲ ಮರಳುಗಾಡಿನದು. ಆ ಪಾಠ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಎಲ್ಲಿ ಕೈಕೊಡುತ್ತದೆ ಅನ್ನುವುದು ಈ ಒಂದು ದಿನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಾನು ಅವತ್ತು ಅವರ ಜೊತೆ ಇರಲಿಲ್ಲ. ಉಳಿದ ಬೈಕನ್ನು ತರಲು ಹೋದ ಟ್ರ್ಯಾಕ್ಟರಿನ ಹಿಂದೆ ಹೋದವನು. ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ ಇದನ್ನು ಬರೆದಿದ್ದೇನೆ.

ಮೂವರಲ್ಲಿ ಒಬ್ಬರು ಹೈಸ್ಕೂಲ್ ಮೇಷ್ಟ್ರು, ಐವತ್ತರ ಆಸುಪಾಸು. ಇನ್ನೊಬ್ಬರು ಔಷಧಿ ಅಂಗಡಿ ಇಟ್ಟವರು. ಮೂರನೆಯವನು ಇಂಜಿನಿಯರ್ ಹುಡುಗ, ತಂಡದ ಮುಂದಾಳು ಅವನೇ. ಮೇಷ್ಟ್ರದ್ದೂ ಹುಡುಗನದ್ದೂ ಇನ್ನೂರು ಸಿಸಿಯ, ಸುಮಾರು 160 ಕಿಲೋ ತೂಗುವ ಗಾಡಿಗಳು. ಅಂಗಡಿಯವರದ್ದು ನಾನೂರು ಸಿಸಿಯದು, 200 ಕಿಲೋ ಹತ್ತಿರ. ಮೂರಕ್ಕೂ 21 ಇಂಚಿನ ಮುಂಚಕ್ರ, ಕಡ್ಡಿ ರಿಮ್ಮು, ಒಳಗೆ ಟ್ಯೂಬು. ಮುಂದೆ ಬರುವ ಕಥೆಗೆ ಬೇಕಾದ ವ್ಯತ್ಯಾಸ ಒಂದೇ: ಹಗುರ ಗಾಡಿಗಳ ಮುಂದಿನ ಮಡ್‌ಗಾರ್ಡು ಎತ್ತರದಲ್ಲಿತ್ತು, ಭಾರದ ಗಾಡಿಯದು ಟೈರಿಗೆ ಎರಡು ಬೆರಳು ಅಂತರದಲ್ಲಿ.

ಹುಡುಗನ ತಯಾರಿಯನ್ನು ಹಗುರವಾಗಿ ಕಾಣುವ ಹಾಗಿಲ್ಲ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯ ಆದಾಗ ಇವನು ಶಾಲೆಯಲ್ಲಿದ್ದ. ಅಂದಿನಿಂದ ಹಿಡಿದ ಹುಚ್ಚು. ಜೈಸಲ್ಮೇರ್ ಹತ್ತಿರದ ಸಮ್ ದಿಬ್ಬಗಳಲ್ಲಿ ಗಾಡಿ ಓಡಿಸಿ ಬಂದಿದ್ದಾನೆ. ತಲೆಗೆ ನಾಲ್ಕು ಲೀಟರ್ ನೀರು, ಪಂಪು, ಟೈರ್ ಲಿವರ್, ಒಂದು 21 ಇಂಚಿನ ಟ್ಯೂಬು ಇಟ್ಟುಕೊಂಡಿದ್ದರು. ತುರ್ತಿಗೆ ಅದೇ ಟ್ಯೂಬು ಹಿಂದಿನ ಚಕ್ರಕ್ಕೂ ನಡೆಯುತ್ತದೆ. ಬಳ್ಳಾರಿ ಜಾಲಿ ಮುಳ್ಳಿನ ನಾಡಿನಲ್ಲಿ ಇದು ಜಾಣತನ. ಫೋನಿನಲ್ಲಿ ಉಪಗ್ರಹ ಚಿತ್ರ ನೋಡಿ ಜಾಡುಗಳನ್ನು ಗುರುತಿಸಿ, ಒಟ್ಟು ದೂರ ಲೆಕ್ಕ ಹಾಕಿ, ಗಂಟೆಗೆ ಹದಿನೈದು ಕಿಲೋಮೀಟರ್ ಸರಾಸರಿ ಹಿಡಿದಿದ್ದ. ಥಾರ್‌ನಲ್ಲಾದರೆ ಈ ಯೋಜನೆಗೆ ನಾನೂ ತಲೆ ಆಡಿಸುತ್ತಿದ್ದೆ.

ಆದರೆ ಕಲಬುರಗಿಯಿಂದ ದಕ್ಷಿಣಕ್ಕೆ ಹೋಗುವ ಹಾದಿ ಒಂದೇ ನೆಲದ ಮೇಲೆ ಹೋಗುವುದಿಲ್ಲ. ಊರಿನ ಸುತ್ತ ಇರುವುದು ಬಸಾಲ್ಟ್ ಕಲ್ಲು ಸವೆದು ಆದ ಎರೆ ಮಣ್ಣು. ಶಹಾಬಾದ್ ಬಂತೆಂದರೆ ಕೆಳಗೆ ಸುಣ್ಣಕಲ್ಲಿನ ಪದರ, ನಮ್ಮ ಜನ ಫರಸಿ ಅನ್ನುವ ಕಲ್ಲು. ಕಾಗಿಣಾ ನದಿ ದಾಟಿ ವಾಡಿ, ನಾಲವಾರದ ಕಡೆ ಫರಸಿ ಮಡ್ಡಿ (ಕಲ್ಲುನೆಲದ ದಿಬ್ಬ) ಒಂದಷ್ಟು, ಎರೆ ಹೊಲ ಒಂದಷ್ಟು, ಹೀಗೆ ಬೆರಕೆ. ಭೀಮಾ ದಾಟಿ ಶಹಾಪುರ, ಸುರಪುರ ಕಡೆ ನಡೆದರೆ ಗ್ರಾನೈಟ್ ಗುಡ್ಡ, ಕೆಂಪು ಮಸಾರಿ. ಬೀದರಿನತ್ತ ಹೋದರೆ ಜಂಬಿಟ್ಟಿಗೆ. ಇಪ್ಪತ್ತು ಮೂವತ್ತು ಕಿಲೋಮೀಟರಿಗೊಮ್ಮೆ ಚಕ್ರದ ಕೆಳಗಿನ ಕಾನೂನೇ ಬದಲಾಗುತ್ತದೆ. ಉಪಗ್ರಹ ಚಿತ್ರದಲ್ಲಿ ಇವೆಲ್ಲ ಬೇಸಿಗೆಯ ಒಂದೇ ಕಂದು ಬಣ್ಣ.

ಬೆಳಗಿನ ಭಾಗ

ಐದೂವರೆಗೆ ಹೊರಟರು. ಶಹಾಬಾದಿನಿಂದಾಚೆ ಹಳೆ ಖಣಿಗಳ ನಡುವೆ ನುಗ್ಗಿದ್ದು ಬೆಳಗಿನ ತಂಪಿನಲ್ಲಿ. ಈ ಭಾಗವನ್ನು ಅವರು ಚೆನ್ನಾಗಿ ದಾಟಿದರು. ಒಂದು ಮಾತು ಮಾತ್ರ ಹೇಳಬೇಕು: ಬಿಟ್ಟುಹೋದ ಖಣಿಯ ಅಂಚು ಗೋಡೆಯಂತೆ ನೇರ ಇಳಿಯುತ್ತದೆ, ಬೇಲಿ ಇರುವುದಿಲ್ಲ, ತಳದಲ್ಲಿ ನೀರು ನಿಂತಿರುತ್ತದೆ. ಒಡೆದ ಫರಸಿಯ ರಾಶಿ ಏರಿದರೆ ಆಚೆ ಏನಿದೆ ಅಂತ ಏರಿದ ಮೇಲೆಯೇ ಗೊತ್ತಾಗುವುದು. ಮೇಷ್ಟ್ರು ಪ್ರತಿ ರಾಶಿಯ ಮುಂದೆ ಇಳಿದು, ನಡೆದು ನೋಡಿ ಬರುತ್ತಿದ್ದರಂತೆ. ಹುಡುಗನಿಗೆ ಅದು ಬೇಜಾರು. ನನಗೆ ಕೇಳಿದರೆ ಇಡೀ ದಿನದಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸ ಅದು.

ಒಂಬತ್ತೂವರೆಗೆ ಕನಗನಹಳ್ಳಿ. ಅಲ್ಲಿ ಹೊತ್ತು ಹೋಯಿತು, ಹೋಗಲೇಬೇಕು. 1986ರಲ್ಲಿ ಸನ್ನತಿಯ ಚಂದ್ರಲಾ ಪರಮೇಶ್ವರಿ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಆಮೇಲೆ ಪುರಾತತ್ವ ಇಲಾಖೆ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪವೂ ‘ರಾಯ ಅಸೋಕೋ’ ಎಂದು ಬರೆದ ಅಶೋಕನ ಉಬ್ಬುಶಿಲ್ಪವೂ ಸಿಕ್ಕವು. ಸ್ತೂಪದ ಹೊದಿಕೆ ಕಲ್ಲು ಇದೇ ನೆಲದ ಸುಣ್ಣಕಲ್ಲು. ಮೇಷ್ಟ್ರು ಇತಿಹಾಸದವರು, ಎಬ್ಬಿಸಿದರೂ ಏಳಲಿಲ್ಲ. ಸನ್ನತಿಯಲ್ಲಿ ಭೀಮಾ ನೋಡಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ತಿಂದು ಎದ್ದಾಗ ಮಧ್ಯಾಹ್ನ ಒಂದು.

ಬಿಸಿಲು

ವಾಪಸ್ ಹಾದಿ ಹೊಲಗಳ ನಡುವೆ ನಾಲವಾರದ ಕಡೆ. ಬಿಸಿಲು 42 ಡಿಗ್ರಿ. ತೊಗರಿ ಎದ್ದು ತಿಂಗಳುಗಳಾಗಿದ್ದವು, ಹಿಂಗಾರಿ ಜೋಳವೂ ಕೊಯ್ದಾಗಿತ್ತು. ಬರಿ ಹೊಲ, ಕೂಳೆ, ಬಿರುಕು. ಒಣ ಎರೆಯ ಬಿರುಕಿನಲ್ಲಿ ಅಂಗೈ ಇಳಿಯುತ್ತದೆ, ಕೆಲವೆಡೆ ಆಳ ಮೂರು ಅಡಿವರೆಗೂ ಇರುತ್ತದೆ. ಬಿರುಕನ್ನು ಅಡ್ಡ ದಾಟಿದರೆ ಏನೂ ಆಗುವುದಿಲ್ಲ. ಅದರ ಗುಂಟ ಹೋದರೆ ಮುಂಚಕ್ರ ಅದರೊಳಗೆ ಕೂತು ಹ್ಯಾಂಡಲ್ ಕಿತ್ತುಕೊಳ್ಳುತ್ತದೆ. ಹೀಗೆ ನಿಧಾನ ಹೋಗಿದ್ದರಿಂದ ಗಾಳಿ ಕಡಿಮೆ, ಎಂಜಿನ್ ಕಾವು ಕಾಲಿಗೆ.

ಎರಡು ಗಂಟೆ ಸುಮಾರಿಗೆ ಅಂಗಡಿಯವರಿಗೆ ತಲೆನೋವು ಶುರುವಾಗಿ, ವಾಕರಿಕೆ ಬಂತು. ಅವರೇ ಗುರುತು ಹಿಡಿದರು: ಇದು ಬಿಸಿಲಿನ ಬಳಲಿಕೆ, ಮುಂದುವರಿದರೆ ಕೆಡುತ್ತದೆ. ಬೇವಿನ ಮರದಡಿ ಜಾಕೆಟ್ ಬಿಚ್ಚಿ ಮಲಗಿದರು, ಟವೆಲ್ ತೋಯಿಸಿ ಕುತ್ತಿಗೆಗೆ ಹಾಕಿದರು, ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಪೂರ್ತಿ ಕಲಸಿ ಗುಟುಕು ಗುಟುಕಾಗಿ ಕುಡಿದರು. ಅರ್ಧ ಪೊಟ್ಟಣ ಅರ್ಧ ಬಾಟಲಿಗೆ ಅಂದಾಜಿನ ಮೇಲೆ ಹಾಕುವುದು ತಪ್ಪು ಅಂತ ಅವರು ನನಗೆ ಒತ್ತಿ ಹೇಳಿದರು. ಮಾತು ತೊದಲಿದ್ದರೆ, ಎಲ್ಲಿದ್ದೇವೆ ಅಂತ ತಿಳಿಯದಿದ್ದರೆ ಅದು ಬಳಲಿಕೆಯಲ್ಲ, ಬಿಸಿಲು ಬಡಿದದ್ದು. ಆಗ ಕಾಯದೆ 108ಕ್ಕೆ ಫೋನ್ ಮಾಡಬೇಕು. ಇಲ್ಲಿ ಅಷ್ಟಾಗಲಿಲ್ಲ. ಒಂದು ಗಂಟೆಯ ವಿಶ್ರಾಂತಿಗೆ ಚೇತರಿಸಿಕೊಂಡರು.

ಮರಳುಗಾಡಿನ ಪಾಠ ಇಲ್ಲಿವರೆಗೆ ಸರಿಯಾಗಿ ನಡೆಯಿತು ಅನ್ನುವುದನ್ನು ಗಮನಿಸಿ. ನೀರು, ನೆರಳು, ನಿಲ್ಲುವ ತಾಳ್ಮೆ ಎಲ್ಲವೂ ಇತ್ತು.

ಮಳೆ

ಮೂರೂವರೆಗೆ ಮೂಡಲಿಗೆ ಮೋಡ ಕಟ್ಟಿತು. ಭರಣಿ ಹುಟ್ಟುವ ಹೊತ್ತು ಅದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಕಾಯುವ ಮಳೆ. ರೈತರಿಗೆ ಅದು ಅಚ್ಚರಿಯಲ್ಲ, ಬೆಳಗಿನ ಧಗೆಯಲ್ಲೇ ವಾಸನೆ ಹಿಡಿಯುತ್ತಾರೆ. ಮೊದಲು ಧೂಳಿನ ಗಾಳಿ ಎದ್ದಿತು, ಹಿಂದೆಯೇ ಗುಡುಗು. ಹುಡುಗ ಬೇವಿನ ಬುಡಕ್ಕೆ ಸರಿದ, ಮೇಷ್ಟ್ರು ಅವನ ತೋಳು ಹಿಡಿದು ಎಳೆದುಕೊಂಡು ಓಡಿದರು. ಬಯಲಿನ ಒಂಟಿ ಮರದ ಕೆಳಗೆ ಸಿಡಿಲಿಗೆ ಜನ, ದನ ಸಾಯುವುದು ಈ ಜಿಲ್ಲೆಗಳಲ್ಲಿ ಪ್ರತಿ ಬೇಸಿಗೆ ಕೇಳುವ ಸುದ್ದಿ. ಇನ್ನೂರು ಹೆಜ್ಜೆ ದೂರದಲ್ಲಿ ಬಾವಿ ಪಕ್ಕ ಇಟ್ಟಿಗೆಯ ಮೋಟಾರ್ ಖೋಲಿ ಇತ್ತು. ಅದರೊಳಗೆ ಸ್ಟಾರ್ಟರಿಗೂ ತಂತಿಗೂ ದೂರ ಕುಕ್ಕುರುಗಾಲಲ್ಲಿ ಕೂತರು. ಸಿಡಿಲಿನ ಮುನ್ಸೂಚನೆಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ಮೂವರ ಫೋನಿನಲ್ಲೂ ಜಿಪಿಎಸ್ ಆ್ಯಪ್ ಮೂರು ಮೂರು ಇದ್ದವು, ಇವೆರಡರಲ್ಲಿ ಒಂದೂ ಇರಲಿಲ್ಲ.

ಮಳೆ ಹೊಡೆದದ್ದು ಮುಕ್ಕಾಲು ಗಂಟೆಗಿಂತ ಕಡಿಮೆ. ನಾಲ್ಕೂವರೆಗೆ ಬಿಸಿಲು ಬಂತು. ಡಾಂಬರು ರಸ್ತೆ ನಕ್ಷೆಯಲ್ಲಿ ಮೂರು ಕಿಲೋಮೀಟರ್. ‘ಹತ್ತು ನಿಮಿಷದ ಹಾದಿ’ ಅಂದ ಹುಡುಗ.

ಸಿಕ್ಕಿಬಿದ್ದದ್ದು

ಅವನು ಮೂರೂ ಗಾಡಿಗಳ ಟೈರಿನ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದ. ಮರಳಿನಲ್ಲಿ ಮಾಡುವುದು ಹಾಗೇ: ಗಾಳಿ ಇಳಿಸಿದರೆ ಟೈರು ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಆಮೇಲೆ ‘ಎದ್ದು ನಿಲ್ರಿ, ಭಾರ ಹಿಂದಕ್ಕ ಹಾಕ್ರಿ, ಥ್ರಾಟಲ್ ಬಿಡಬ್ಯಾಡ್ರಿ’ ಅಂದ. ಅದೂ ಮರಳಿನದ್ದೇ. ಮರಳಿನಲ್ಲಿ ವೇಗ ಬಿಟ್ಟರೆ ಹೂತುಹೋಗುತ್ತೀರಿ.

ಎರೆಯಲ್ಲಿ ನಡೆಯುವ ಕೆಲಸವೇ ಬೇರೆ. ಇದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಖನಿಜ ಹೆಚ್ಚು, ನೀರು ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಿರುಕು ಬಿಡುವುದೂ ಅಂಟುವುದೂ ಅದರಿಂದಲೇ. ಮುಕ್ಕಾಲು ಗಂಟೆಯ ಮಳೆಗೆ ತೋಯುವುದು ಮೇಲಿನ ಎರಡು ಮೂರು ಇಂಚು, ಕೆಳಗೆ ಇನ್ನೂ ಗಟ್ಟಿ ನೆಲ. ಅಂದರೆ ಚಕ್ರ ಇಲ್ಲಿ ಹೂಳುವುದಿಲ್ಲ, ಮೇಲಿನ ಪದರವನ್ನು ಕಿತ್ತುಕೊಂಡು ತನಗೇ ಸುತ್ತಿಕೊಳ್ಳುತ್ತದೆ. ಟೈರು ಎಷ್ಟು ಹರಡಿರುತ್ತದೋ ಅಷ್ಟು ಹೆಚ್ಚು ಕೀಳುತ್ತದೆ. ಎಷ್ಟು ತಿರುಗುತ್ತದೋ ಅಷ್ಟು ಬೇಗ ಸುತ್ತಿಕೊಳ್ಳುತ್ತದೆ. ಆಫ್‌ರೋಡ್ ಟೈರಿನ ಗಟ್ಟಿ ಹಲ್ಲುಗಳು ಮೊದಲ ಸುತ್ತಿನಲ್ಲೇ ತುಂಬಿ ಬೋಳಾಗುತ್ತವೆ. ಇನ್ನೊಂದು ಸಂಗತಿ, ಬೇಸಾಯಗಾರರಿಗೆ ಹೇಳಿಕೊಡಬೇಕಿಲ್ಲ: ಮಳೆ ಹೊಯ್ಯುತ್ತಿರುವಾಗ ಎರೆ ಜಾರುತ್ತದೆ, ಅಷ್ಟಾಗಿ ಅಂಟುವುದಿಲ್ಲ. ಮಳೆ ನಿಂತು ನೀರು ಇಂಗಿದ ಮೇಲೆಯೇ ಅದರ ಅಂಟು ಹೆಚ್ಚು. ಇವರು ಬಿಸಿಲು ಬಂತೆಂದು ಹೊರಟದ್ದು ಸರಿಯಾಗಿ ಆ ಹೊತ್ತಿಗೆ.

ಭಾರದ ಗಾಡಿ ಐವತ್ತು ಮೀಟರ್ ಹೋಗಲಿಲ್ಲ. ನಾನು ಮಂಗಳವಾರ ಅದರ ಮುಂದಿನ ಮಡ್‌ಗಾರ್ಡಿನೊಳಗಿಂದ ಬಿಡಿಸಿದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದೆ. ಅದರಲ್ಲಿ ಜೋಳದ ಕೂಳೆ, ರವದಿ ಸೇರಿ, ಗೋಡೆಗೆ ಗಿಲಾವು ಮಾಡಲು ಹೊಟ್ಟು ಹಾಕಿ ತುಳಿದ ಮಣ್ಣಿನಂತೆ ಒಂದಕ್ಕೊಂದು ಹಿಡಿದುಕೊಂಡಿತ್ತು. ಟೈರ್ ಲಿವರಿನಿಂದ ಕುಟ್ಟಿದರೂ ಉದುರದು, ಚೂರು ಚೂರಾಗಿ ಕೆತ್ತಬೇಕು. ಅವತ್ತು ಅದು ಹಸಿ ಇದ್ದಾಗ ಮುಂಚಕ್ರ ಬ್ರೇಕು ಹಾಕಿದಂತೆ ನಿಂತುಬಿಟ್ಟಿತ್ತು. ಹಿಂಚಕ್ರ ಮಾತ್ರ ತಿರುಗುತ್ತಿತ್ತು. ಅಂಗಡಿಯವರು ಕ್ಲಚ್ಚನ್ನು ಅರ್ಧ ಹಿಡಿದು, ಥ್ರಾಟಲ್ ಕೊಟ್ಟು, ಇಬ್ಬರು ಹಿಂದಿನಿಂದ ತಳ್ಳಿ, ಇಪ್ಪತ್ತು ನಿಮಿಷ ಗುದ್ದಾಡಿದರು. ಕ್ಲಚ್ ಸುಟ್ಟ ವಾಸನೆ ಬಂತು, ಲಿವರ್ ಸಡಿಲಾಯಿತು, ಆಮೇಲೆ ಗೇರಿನಲ್ಲಿದ್ದರೂ ಗಾಡಿ ಎಳೆಯದಾಯಿತು. ಕ್ಲಚ್ ಪ್ಲೇಟು ಕಾದು ಜಾರಲು ಶುರುವಾದಾಗ ಬಂದ್ ಮಾಡಿ ಅರ್ಧ ಗಂಟೆ ತಣಿಸಿದರೆ ಎಷ್ಟೋ ಸಲ ಉಳಿಯುತ್ತದೆ. ವಾಸನೆ ಬಂದ ಮೇಲೂ ಒತ್ತಿದರೆ ಉಳಿಯದು. ಇನ್ನೊಂದು ಕಡೆ ಹುಡುಗನ ಹಿಂದಿನ ಟೈರು ಕಡಿಮೆ ಗಾಳಿಗೆ ರಿಮ್ಮಿನ ಮೇಲೆ ಜಾರಿ, ಟ್ಯೂಬಿನ ವಾಲ್ವ್ ಓರೆಯಾಗಿ ನಿಂತಿತ್ತು. ಇನ್ನು ನಾಲ್ಕು ಬಾರಿ ಚಕ್ರ ಸ್ಪಿನ್ ಆಗಿದ್ದರೆ ಬುಡವೇ ಹರಿದುಹೋಗುತ್ತಿತ್ತು.

ಮುತ್ಯಾನ ಮಾತು

ಆಡು ಹೊಡೆದುಕೊಂಡು ಬಂದ ಮುತ್ಯಾ ಒಬ್ಬರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಆಮೇಲೆ ಅಂದರಂತೆ:

‘ತಮ್ಮಾ, ಮೊದಲ ಗಾಡಿ ಬಂದ್ ಮಾಡು. ಎರಿ ಬಿಡಲ್ಲ ಅದು. ಎಷ್ಟು ಜಗ್ಗತಿ ಅಷ್ಟು ಹಿಡೀತದ.’

‘ಡಾಂಬರ್ ರೋಡ್ ಮೂರೇ ಕಿಲೋಮೀಟರ್ ಅದ ಮುತ್ಯಾ.’

‘ಮೂರು ಕಿಲೋಮೀಟರ್ ಪೂರಾ ಎರಿನೇ ಅದ. ಆಕಡಿ ಮಡ್ಡಿ ಕಾಣ್ತದಲಾ, ಅದು ಫರಸಿ. ಈ ಬದು ಹಿಡಿದು ಅಲ್ಲೀತನ ಹೋದ್ರಿ ಅಂದ್ರ ಖಣಿ ಹಾದಿ ಸಿಗ್ತದ. ಸುತ್ತು ಆಗ್ತದ, ಖರೇ. ಆದ್ರ ಹೋಗ್ತೀರಿ.’

ಮಡ್ಡಿ ಇದ್ದದ್ದು ಡಾಂಬರು ರಸ್ತೆಗೆ ಬೆನ್ನು ಹಾಕಿದ ದಿಕ್ಕಿನಲ್ಲಿ, ನಾನ್ನೂರು ಮೀಟರ್ ದೂರ. ನಕ್ಷೆಯಲ್ಲಿ ಆ ಕಡೆ ಒಂದು ಗೆರೆಯೂ ಇರಲಿಲ್ಲ, ಹಾಗಾಗಿ ಹುಡುಗ ಆ ಕಡೆ ನೋಡಿರಲೇ ಇಲ್ಲ. ಇಡೀ ಪ್ರಕರಣದ ಕೀಲಿ ಇರುವುದು ಇಲ್ಲಿ ಅಂತ ನನ್ನ ಅಭಿಪ್ರಾಯ. ಅವರು ಕೇಳಿಕೊಂಡ ಪ್ರಶ್ನೆ ‘ರಸ್ತೆ ಎಷ್ಟು ದೂರ’. ಕೇಳಬೇಕಿದ್ದದ್ದು ‘ಗಟ್ಟಿ ನೆಲ ಎಷ್ಟು ದೂರ’. ಒಣ ದಿನ ಎರಡಕ್ಕೂ ಒಂದೇ ಉತ್ತರ. ಮಳೆ ಬಿದ್ದ ದಿನ ಮೂರು ಕಿಲೋಮೀಟರಿಗೂ ನಾನ್ನೂರು ಮೀಟರಿಗೂ ಇರುವಷ್ಟು ವ್ಯತ್ಯಾಸ.

ಭಾರದ ಗಾಡಿಯನ್ನು ಮೋಟಾರ್ ಖೋಲಿಯ ಪಕ್ಕ ನಿಲ್ಲಿಸಿ ಬೀಗ ಹಾಕಿದರು. ಅಂಗಡಿಯವರಿಗೆ ಮನಸ್ಸಿರಲಿಲ್ಲ, ಸಾಲದ ಗಾಡಿ. ಮೇಷ್ಟ್ರು ಗದರಿಸಬೇಕಾಯಿತು. ಹಗುರ ಗಾಡಿಗಳನ್ನು ಬದುವಿನ ಹುಲ್ಲಿನ ಮೇಲೆ, ಯಾರೂ ಹತ್ತದೆ, ಮೊದಲ ಗೇರಿನಲ್ಲಿ ಪಕ್ಕದಲ್ಲಿ ನಡೆಯುತ್ತಾ ಸಾಗಿಸಿದರು. ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಂಡಿರುವುದರಿಂದ ಚಕ್ರಕ್ಕೆ ಅಂಟುವುದು ಕಡಿಮೆ. ಆದರೂ ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಚೈನು, ಸ್ವಿಂಗ್‌ಆರ್ಮ್ ಕೆರೆದು ತೆಗೆಯಬೇಕಿತ್ತು. ನಾನ್ನೂರು ಮೀಟರಿಗೆ ಒಂದು ಗಂಟೆ ಮೇಲೆ ಹಿಡಿಯಿತು. ಮಡ್ಡಿ ಹತ್ತಿದ ಕೂಡಲೇ ಚಕ್ರಗಳು ತಾವಾಗಿಯೇ ಮಣ್ಣು ಉದುರಿಸಿಕೊಂಡವಂತೆ.

ಅಷ್ಟರಲ್ಲಿ ಕತ್ತಲು. ಮುಂದಿನದ್ದು ಖಣಿ ಹಾದಿ, ಎಡಬಲಕ್ಕೆ ನೀರು ತುಂಬಿದ ಗುಂಡಿಗಳು. ಮುತ್ಯಾನ ಮೊಮ್ಮಗ ಬ್ಯಾಟರಿ ಹಿಡಿದು ಮುಂದೆ ನಡೆದ, ಇವರು ಗಾಡಿ ಹತ್ತದೆ ತಳ್ಳಿಕೊಂಡೇ ಹಿಂಬಾಲಿಸಿದರು. ಹೆಡ್‌ಲೈಟು ಇದ್ದೂ ಓಡಿಸಲಿಲ್ಲ ಯಾಕೆ ಅಂತ ಕೇಳಿದೆ. ‘ಲೈಟು ಗಾಡಿ ತಿರುಗಿದ ಕಡೆ ಬೀಳ್ತದ, ಗುಂಡಿ ಆಮೇಲೆ ಕಾಣ್ತದ’ ಅಂದರು ಮೇಷ್ಟ್ರು.

ಆಮೇಲೆ

ಸೋಮವಾರ ಟ್ರ್ಯಾಕ್ಟರಿನವರು ಬರಲೊಪ್ಪಲಿಲ್ಲ. ‘ನಂದು ಸಿಕ್ಕೊಂಡ್ರ ಎಳೀಲಾಕ ಇನ್ನೊಂದು ತರಬೇಕ್ರೀ’ ಅಂದರು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಬಿಸಿಗಾಳಿಗೆ ಮೇಲಿನ ಪದರ ಕೆನೆಗಟ್ಟಿ ಕಾಲಿಗೆ ಅಂಟದಷ್ಟು ಒಣಗಿತ್ತು. ನಿಜ ಹೇಳಬೇಕೆಂದರೆ ಕ್ಲಚ್ ಸರಿಯಿದ್ದಿದ್ದರೆ ಆ ಗಾಡಿ ಅವತ್ತು ಯಾರ ಸಹಾಯವೂ ಇಲ್ಲದೆ ತಾನೇ ಬರುತ್ತಿತ್ತು. ಹಾಳಾದ ಪ್ಲೇಟು, ಟ್ರ್ಯಾಕ್ಟರ್ ಬಾಡಿಗೆ, ಎರಡು ದಿನದ ಅಂಗಡಿ ವ್ಯಾಪಾರ ಎಲ್ಲವೂ ಆ ಇಪ್ಪತ್ತು ನಿಮಿಷದ ಗುದ್ದಾಟದ ಖರ್ಚು.

ಹೊಲದ ಮಾಲೀಕರು ಜಗಳ ತೆಗೆಯಲಿಲ್ಲ. ಆದರೆ ಭರಣಿ ಮಳೆ ಬಿದ್ದಿದೆ, ಇನ್ನು ಹರಗುವ ಕೆಲಸ, ಅಂಥ ಹೊತ್ತಿನಲ್ಲಿ ಬದುವಿನ ಒಂದು ಕಡೆ ಕುಸಿದಿತ್ತು, ಚಕ್ರದ ಗುಂಡಿ ಬಿದ್ದಿದ್ದವು. ಹುಡುಗ ಸಲಿಕೆ ತೆಗೆದುಕೊಂಡು ಬದು ಕಟ್ಟಿಕೊಟ್ಟ. ಬರಿ ಹೊಲ ಅಂದರೆ ಯಾರದೂ ಅಲ್ಲದ ಬಯಲಲ್ಲ ಅನ್ನುವುದನ್ನು ಮರಳುಗಾಡಿನ ವಿಡಿಯೊಗಳು ಹೇಳಿಕೊಡುವುದಿಲ್ಲ.

ಮೂವರ ನಡುವೆ ಇನ್ನೂ ಬಗೆಹರಿಯದ ವಾದ ಒಂದಿದೆ. ಮೋಟಾರ್ ಖೋಲಿಯ ಹಿಂದೆಯೇ ಹಳ್ಳ ಹರಿಯುತ್ತದೆ, ತಳ ಪೂರ್ತಿ ಫರಸಿ, ಒಣಗಿತ್ತು. ಅದು ಡಾಂಬರು ರಸ್ತೆಯ ಸಿಡಿಯವರೆಗೆ, ಅಂದರೆ ರಸ್ತೆ ಕೆಳಗಿನ ಮೋರಿಯವರೆಗೆ, ನೇರ ಹೋಗುತ್ತದೆ. ಮಳೆ ನಿಂತ ಕೂಡಲೇ ಹಳ್ಳಕ್ಕಿಳಿದಿದ್ದರೆ ಮೂರೂ ಗಾಡಿ ಅರ್ಧ ಗಂಟೆಯಲ್ಲಿ ರಸ್ತೆಯಲ್ಲಿರುತ್ತಿದ್ದವು ಅನ್ನುವುದು ಮೇಷ್ಟ್ರ ವಾದ. ಅವತ್ತೇ ಮುತ್ಯಾನನ್ನು ಕೇಳಿದ್ದರಂತೆ. ‘ಮ್ಯಾಲ ಮಳಿ ಎಷ್ಟಾಗ್ಯಾದ ಯಾರಿಗಿ ಗೊತ್ತರೀ ಸರ್, ಹಳ್ಳ ಹೇಳಿ ಬರಲ್ಲ’ ಅಂದರಂತೆ ಅವರು. ಗಟ್ಟಿ ನೆಲ ಹುಡುಕಬೇಕು ಅನ್ನುವ ಲೆಕ್ಕಕ್ಕೆ ಮೇಷ್ಟ್ರ ವಾದ ಸರಿಯೇ. ಆದರೂ ನಾನು ಮುತ್ಯಾನ ಕಡೆ. ಮಂಗಳವಾರ ಟ್ರ್ಯಾಕ್ಟರ್ ಕಾಯುತ್ತಾ ಹಳ್ಳಕ್ಕೆ ಇಳಿದಿದ್ದೆ. ಜಾಲಿ ಪೊದೆಗಳಲ್ಲಿ ರವದಿ, ಪ್ಲಾಸ್ಟಿಕ್, ತೊಗರಿ ಕಟ್ಟಿಗೆ ಸಿಕ್ಕಿಕೊಂಡ ಗೆರೆ ನನ್ನ ಸೊಂಟದೆತ್ತರಕ್ಕಿತ್ತು. ನೀರು ಬಂದದ್ದು ಎಷ್ಟು ಹೊತ್ತಿಗೆ ಅಂತ ಮೊಮ್ಮಗನನ್ನು ಕೇಳಿದೆ. ಅವತ್ತು ಸಂಜೆ, ಇವರು ಬದುವಿನ ಮೇಲೆ ಗಾಡಿ ತಳ್ಳುತ್ತಿದ್ದಾಗ ಅಂದ. ಇದನ್ನು ಮೇಷ್ಟ್ರಿಗೆ ಹೇಳಿದೆ. ಅಷ್ಟರೊಳಗೆ ನಾವು ಸಿಡಿ ದಾಟಿರುತ್ತಿದ್ದೆವು ಅಂದರು. ದಾಟಿರುತ್ತಿದ್ದರೇನೋ, ಮೂರರಲ್ಲಿ ಒಂದು ಗಾಡಿಯೂ ಹಳ್ಳದ ನಡುವೆ ಕೈಕೊಡದಿದ್ದರೆ.